ಮಿಲ್ಟನ್ ನಾಸಿಮೆಂಟೊ: ಪೋರ್ಚುಗೀಸ್ ಬರದಿದ್ದರೆ ಎಲ್ಲಿಂದ ಶುರು ಮಾಡಬೇಕು?

ಪೋರ್ಚುಗೀಸ್ ಬರಲ್ಲ, ಹಾಗಾದ್ರೆ ಬ್ರೆಜಿಲ್‌ನ ಗಾಯಕ ಮಿಲ್ಟನ್ ನಾಸಿಮೆಂಟೊ ಹಾಡು ಹೇಗೆ ಕೇಳೋದು ಅಂತ ಕೇಳಿದ್ದೀರಿ. ನನಗೂ ಬರಲ್ಲ. ಆದರೂ ವರ್ಷಗಳಿಂದ ಕೇಳುತ್ತಿದ್ದೇನೆ. 1973ರ 'ಮಿಲಾಗ್ರೆ ದೋಸ್ ಪೇಶಿಸ್' ಆಲ್ಬಂನಿಂದ ಶುರು ಮಾಡಿ. ಅದರಲ್ಲಿ ಮಾತೇ ಕಡಿಮೆ.

ಅದಕ್ಕೆ ಕಾರಣ ಇದೆ. ಆಗ ಬ್ರೆಜಿಲ್‌ನಲ್ಲಿ ಮಿಲಿಟರಿ ಆಡಳಿತ. ಸೆನ್ಸಾರ್‌ನವರು ಕೆಲವು ಹಾಡುಗಳ ಸಾಹಿತ್ಯಕ್ಕೆ ಕತ್ತರಿ ಹಾಕಿದರು. ಮಿಲ್ಟನ್ ಹಾಡು ಕೈಬಿಡಲಿಲ್ಲ, ಪದಗಳಿಲ್ಲದೆ ಬರೀ ದನಿಯಲ್ಲೇ ಹಾಡಿದರು. ನಾವು ಆಲಾಪ ಕೇಳಿ ಬೆಳೆದವರು, ಪದ ಇಲ್ಲ ಅನ್ನೋದು ನಮಗೆ ಕೊರತೆ ಅನಿಸಲ್ಲ ಅಲ್ವಾ? ದನಿ ಮೇಲಕ್ಕೆ ಹೋಗಿ ತೆಳ್ಳಗಾಗುತ್ತದೆ, ಮುರಿಯುವುದಿಲ್ಲ. ಅಲ್ಲೇ ನಿಲ್ಲುತ್ತದೆ. ಯಾವ ಪದವನ್ನು ಅಳಿಸಿದ್ದರೋ ಗೊತ್ತಿಲ್ಲದೇ ಇದ್ದರೂ ಮೊದಲ ಸಲ ಕೇಳಿದಾಗ ನನ್ನ ಕಣ್ಣು ಒದ್ದೆಯಾಗಿತ್ತು.

ಅವರು ಹುಟ್ಟಿದ್ದು 1942ರಲ್ಲಿ, ರಿಯೊದಲ್ಲಿ. ಮನೆಗೆಲಸ ಮಾಡುತ್ತಿದ್ದ ತಾಯಿ ಬೇಗ ತೀರಿಕೊಂಡರು. ಸಾಕಿದ ಅಪ್ಪ ಅಮ್ಮನ ಜೊತೆ ಮಿನಾಸ್ ಜೆರೈಸ್ ರಾಜ್ಯದ ಟ್ರೆಸ್ ಪೊಂಟಾಸ್ ಊರಲ್ಲಿ ಬೆಳೆದರು. ಆಮೇಲೆ ಅದೇ ರಾಜ್ಯದ ರಾಜಧಾನಿ ಬೆಲೊ ಹೊರಿಜಾಂಟೆಯಲ್ಲಿ ಟೈಪಿಸ್ಟ್ ಕೆಲಸ. 1967ರಲ್ಲಿ ರಿಯೊದ ಹಾಡಿನ ಸ್ಪರ್ಧೆಯಲ್ಲಿ ಅವರ 'ಟ್ರಾವೆಸಿಯಾ'ಗೆ ಎರಡನೇ ಬಹುಮಾನ ಬಂತು, ದೇಶಕ್ಕೆಲ್ಲ ಹೆಸರು ಗೊತ್ತಾಯಿತು.

ಎರಡನೆಯದಾಗಿ 1972ರ 'ಕ್ಲೂಬೆ ದ ಎಸ್ಕಿನಾ' ಕೇಳಿ. ಮೂಲೆಯ ಕ್ಲಬ್ ಅಂತ ಅರ್ಥ. ಕ್ಲಬ್ಬಿಗೆ ಕಟ್ಟಡ ಇರಲಿಲ್ಲ. ಬೆಲೊ ಹೊರಿಜಾಂಟೆಯ ಸಾಂತಾ ತೆರೆಸಾ ಬಡಾವಣೆಯಲ್ಲಿ ಎರಡು ರಸ್ತೆ ಸೇರುವ ಜಾಗ, ಗಿಟಾರ್ ಹಿಡಿದು ಸುಮ್ನೆ ಕೂರುತ್ತಿದ್ದ ಹುಡುಗರು, ಅಷ್ಟೇ. ಅವರಲ್ಲೊಬ್ಬ ಲೋ ಬೋರ್ಜೆಸ್. ಇಪ್ಪತ್ತರ ಆ ಹುಡುಗನ ಹೆಸರನ್ನೂ ಮಿಲ್ಟನ್ ತಮ್ಮ ಹೆಸರಿನ ಜೊತೆ ಆಲ್ಬಂ ಮೇಲೆ ಹಾಕಿಸಿದರು. ಆಗಲೇ ಹೆಸರು ಮಾಡಿದ್ದವರು ಹಾಗೆ ಮಾಡಿದ್ದು ನನಗೆ ತುಂಬಾ ದೊಡ್ಡದು ಅನಿಸುತ್ತದೆ.

ಜಾಝ್ ಇಷ್ಟ ಇದ್ದರೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಜೊತೆ ಮಾಡಿದ 'ನೇಟಿವ್ ಡ್ಯಾನ್ಸರ್' ಕೇಳಿ. 2022ರಲ್ಲಿ, 80 ತುಂಬಿದ ಮೇಲೆ, ಮಿಲ್ಟನ್ ಬೆಲೊ ಹೊರಿಜಾಂಟೆಯ ಮಿನೆರಾವ್ ಕ್ರೀಡಾಂಗಣದಲ್ಲಿ ತಮ್ಮ ವಿದಾಯ ಪ್ರವಾಸ ಮುಗಿಸಿದರು.

ಒಂದು ವಿನಂತಿ. 1973ರ ಆ ಆಲ್ಬಂ ಅನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ, ಇಯರ್‌ಫೋನ್ ಹಾಕಿಕೊಳ್ಳಿ. ದನಿಯ ಹಿಂದೆ ಬ್ರೆಜಿಲ್‌ನ ವಾದಕ ನಾನಾ ವಾಸ್ಕೊನ್ಸೆಲೋಸ್ ಅವರ ತಾಳವಾದ್ಯಗಳಿವೆ, ಸಣ್ಣ ಸದ್ದು ಜಾಸ್ತಿ. ಅದು ತಪ್ಪಿಹೋಗಬಾರದು.