ಪಂಪಿಂಗ್ 25 ಅಂದರೆ ಸ್ಟೆಮ್ ಸೆಲ್ ಹಾಕಿಸಬಹುದಾ?
ಅಪ್ಪನ ಹಾರ್ಟ್ ಪಂಪಿಂಗ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಶೇ. 25 ಇದೆ, ಹ್ಯೂಸ್ಟನ್‌ನ ಹೃದಯ ತಜ್ಞ ಡಾ. ಎಮರ್ಸನ್ ಪೆರಿನ್ ಮಾಡಿದ ಥರ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಹಾಕಿಸಬಹುದಾ ಅಂತ ಕೇಳಿದ್ದೀರಿ. ಆತುರ ಬೇಡ ಸರ್. ಪೆರಿನ್ ಸುಮ್ನೆ ಹೆಸರು ಮಾಡಿದವರಲ್ಲ. ರೋಗಿಯದೇ ಮೂಳೆ ಮಜ್ಜೆಯ ಕೋಶಗಳನ್ನು ತೆಗೆದು, ಕ್ಯಾಥೆಟರ್ (ರಕ್ತನಾಳದೊಳಗೆ ಹೋಗುವ ಸಣ್ಣ ನಳಿಕೆ) ಏರಿಸಿ ಹೃದಯದ ಗೋಡೆಯೊಳಕ್ಕೇ ಚುಚ್ಚಿದ ಫಲಿತಾಂಶವನ್ನು ಬ್ರೆಜಿಲ್ ವೈದ್ಯರ ಜೊತೆ 2003ರಲ್ಲೇ ಪ್ರಕಟಿಸಿದವರು, ಆಗ ಇದ್ದದ್ದು ಬರೀ 21 ಜನ. 2023ರಲ್ಲಿ 500ಕ್ಕೂ ಜಾಸ್ತಿ ರೋಗಿಗಳ ಮೇಲೆ ಅವರದೇ ನೇತೃತ್ವದಲ್ಲಿ ನಡೆದ ಡ್ರೀಮ್-ಎಚ್‌ಎಫ್ ಪ್ರಯೋಗದ ಫಲಿತಾಂಶ ಬಂತು, ಅದರಲ್ಲಿ ದಾನಿಗಳ ಕೋಶ ಬಳಸಿದ್ದರು. ಮತ್ತೆ ಮತ್ತೆ ಆಸ್ಪತ್ರೆ ಸೇರುವುದು ತಪ್ಪಬೇಕು ಅನ್ನೋದೇ ಮುಖ್ಯ ಗುರಿ, ಅದು ಈಡೇರಲಿಲ್ಲ. ಹೃದಯಾಘಾತ, ಸ್ಟ್ರೋಕ್ ಮಾತ್ರ ಕಡಿಮೆ ಕಂಡವು. ಅಂದ್ರೆ ಇನ್ನೂ ಪ್ರಯೋಗವೇ, ಅಲ್ವಾ? ಲಕ್ಷಗಟ್ಟಲೆ ಕೇಳುವ ಕ್ಲಿನಿಕ್ ಕಡೆ ಹೋಗಬೇಡಿ. ಮಾತ್ರೆಗಳ ಡೋಸ್ ಪೂರ್ತಿ ಏರಿಸಿದ್ದಾರಾ ಅಂತ ನಿಮ್ಮ ಡಾಕ್ಟರನ್ನೇ ಮೊದಲು ಕೇಳಿ. ದಿನಾ ಬೆಳಿಗ್ಗೆ ತೂಕ ಬರೆದಿಡಿ, ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಏರಿಸಿ.