ಬಿಸಿಯಾದರೆ ನಿಂತುಹೋಗುವ ಪದ್ಮಿನಿ: ಕಾರ್ಬ್ಯುರೇಟರ್ ಬದಲಾಯಿಸುವ ಮೊದಲು

ನೀವು ಕೇಳಿದ್ದು ಇಷ್ಟು. ಪುಣೆಯಲ್ಲಿ ನಿಮ್ಮ ತಂದೆಯವರ 1984ರ ಪ್ರೀಮಿಯರ್ ಪದ್ಮಿನಿ ಇದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಕೋಥ್ರೂಡ್‌ನಿಂದ ಸ್ವಾರ್‌ಗೇಟ್ ತಲುಪುವಷ್ಟರಲ್ಲಿ ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಶುರುವಾಗಿ, ಸಿಗ್ನಲ್‌ನಲ್ಲಿ ಬಂದ್ ಬೀಳುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಗ್ಯಾರೇಜಿನವರು ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬದಲಾಯಿಸಿ ಎನ್ನುತ್ತಿದ್ದಾರೆ. ಬದಲಾಯಿಸಬೇಕಾ?

ಈಗಲೇ ಬೇಡ. ನಾನು ಡೊಂಬಿವಿಲಿಯಲ್ಲಿ ಇದೇ ಗಾಡಿ ಇಟ್ಟುಕೊಂಡಿದ್ದೇನೆ. ನೀವು ಹೇಳಿದ ಲಕ್ಷಣ ಕಾರ್ಬ್ಯುರೇಟರಿನದ್ದು ಅನ್ನಿಸುವುದಿಲ್ಲ. ಅದರ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ, ಕಸ ಕೂತಿದ್ದರೆ ಬೆಳಿಗ್ಗೆ ತಣ್ಣಗಿದ್ದಾಗಲೂ ತೊಂದರೆ ಕೊಡಬೇಕಿತ್ತು ಅಲ್ವಾ? ಬಿಸಿಯಾದಾಗ ಮಾತ್ರ ಕೈಕೊಡುವುದು ಬೇರೆ ವಸ್ತುಗಳು: ಕಿಡಿಗೆ ಬೇಕಾದ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್, ಅದರ ಜೊತೆ ಕೆಲಸ ಮಾಡುವ ಕಂಡೆನ್ಸರ್, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪ್.

ಹಾಗಾಗಿ ಗ್ಯಾರೇಜಿನಲ್ಲಿ ತಣ್ಣಗೆ ನಿಂತ ಗಾಡಿ ಬಿಚ್ಚಿ ನೋಡಿದರೆ ಏನೂ ಸಿಗುವುದಿಲ್ಲ. ಅದು ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ನೋಡಬೇಕು. ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಬಾನೆಟ್ ಎತ್ತಿ. ತಿಳಿಯಬೇಕಾದದ್ದು ಒಂದೇ: ನಿಂತುಹೋದದ್ದು ಕರೆಂಟಾ, ಪೆಟ್ರೋಲಾ?

ಕರೆಂಟ್ ಮೊದಲು ನೋಡಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕ್ಯಾಪ್‌ನ ನಡುವಿಗೆ ಬರುವ ದಪ್ಪ ವೈರನ್ನು ಕ್ಯಾಪ್ ಕಡೆಯಿಂದ ಎಳೆಯಿರಿ. ಪ್ಲಾಸ್ಟಿಕ್ ಹಿಡಿಯ ಒಣ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ ಬ್ಲಾಕ್‌ನಿಂದ ಐದಾರು ಮಿಲಿಮೀಟರ್ ದೂರದಲ್ಲಿ ಇಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಕಿಡಿ ನೀಲಿಯಾಗಿ, ಚಟ್ ಚಟ್ ಎಂದು ಜೋರಾಗಿ ಹಾರಿದರೆ ಕಾಯಿಲ್, ಕಂಡೆನ್ಸರ್ ಎರಡೂ ಸರಿ ಇವೆ. ಹಳದಿಯಾಗಿ, ಸಪ್ಪಗೆ ಬಂದರೆ ಅಥವಾ ಬರದೇ ಹೋದರೆ ಕಳ್ಳ ಅಲ್ಲೇ ಇದ್ದಾನೆ.

ಆಗ ಕ್ಯಾಪ್ ತೆಗೆದು ಪಾಯಿಂಟ್ (ತೆರೆದು ಮುಚ್ಚುತ್ತಾ ಕಾಯಿಲ್ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ನೋಡಿ. ಒಂದು ಬದಿಯಲ್ಲಿ ಗುಳಿ, ಎದುರು ಬದಿಯಲ್ಲಿ ಸಣ್ಣ ಗುಬುಟು ಎದ್ದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು. ಒಳಗೆ ಪಾಯಿಂಟ್‌ಗೆ ಹೋಗುವ ಸಣ್ಣ ವೈರ್ ಇದೆಯಲ್ಲ, ಅದನ್ನೂ ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಮೇಲಿನ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಹಾಗಿದ್ದರೆ ವೈರ್ ರಬ್ಬರಿನಂತೆ ಹಿಗ್ಗುತ್ತದೆ. ಇಷ್ಟು ಸಣ್ಣ ವೈರಿಗಾಗಿ ಜನ ಇಡೀ ಎಂಜಿನ್ ಬಿಚ್ಚಿಸುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಇನ್ನೊಂದು ಮಾತು: ಎಂಜಿನ್ ನಿಂತಿರುವಾಗ ಕೀಯನ್ನು ಸುಮ್ನೆ ಆನ್‌ನಲ್ಲಿ ಬಿಡಬೇಡಿ. ಆ ಹೊತ್ತಿಗೆ ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಬನ್ನಿ. ಕೀ ಆಫ್ ಮಾಡಿ, ವೈರ್ ವಾಪಸ್ ಹಾಕಿ, ಏರ್ ಫಿಲ್ಟರ್ ತೆಗೆಯಿರಿ. ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರನ್ನು ಕೈಯಲ್ಲಿ ಒತ್ತಿ. ತೆಳ್ಳಗೆ ಪೆಟ್ರೋಲ್ ಚಿಮ್ಮಿದರೆ ಬೌಲ್‌ನಲ್ಲಿ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಬೌಲ್ ಖಾಲಿಯಾಗಿರುವ ಸಾಧ್ಯತೆ ಜಾಸ್ತಿ. ಆಗ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಂಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆ. ಇದೂ ಸ್ವಲ್ಪ ದೂರ ಓಡಿದ ಮೇಲೆಯೇ ಗಾಡಿ ನಿಲ್ಲಿಸುತ್ತದೆ, ಬಿಟ್ಟರೆ ತಾನೇ ಸರಿಹೋಗುತ್ತದೆ, ಅದಕ್ಕೇ ಮೋಸ ಮಾಡುತ್ತದೆ.

ಮುಚ್ಚಳ ಸರಿ ಇದ್ದರೆ ಎಸಿ ಪಂಪ್ ನೋಡಿ. ಅದು ಎಂಜಿನ್ನಿಗೇ ಅಂಟಿಕೊಂಡಿದೆ. ಟ್ರಾಫಿಕ್‌ನಲ್ಲಿ ಗಾಳಿ ಸಾಲದೆ ಅದು ಬಿಸಿಯಾದಾಗ ಪೆಟ್ರೋಲ್ ಆವಿಯಾಗುತ್ತದೆ, ಪಂಪ್ ಬರೀ ಆವಿ ಎಳೆಯುತ್ತದೆ. ಮುಂಬೈ-ಪುಣೆ ಹಳೇ ಹೈವೇಯ ಖಂಡಾಲಾ ಘಾಟಿನಲ್ಲಿ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ನೀವೂ ಅದನ್ನೇ ಮಾಡಿ ನೋಡಿ. ಪಂಪ್ ತಣ್ಣಗಾದ ಕೂಡಲೇ ಸ್ಟಾರ್ಟ್ ಆದರೆ ಕಾರಣ ಸಿಕ್ಕಿತು. ಪಂಪ್ ಮತ್ತು ಬ್ಲಾಕ್ ನಡುವೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇರಬೇಕು. ಯಾರೋ ರಿಪೇರಿ ಮಾಡುವಾಗ ತೆಳು ಗ್ಯಾಸ್ಕೆಟ್ ಹಾಕಿ ಮುಗಿಸಿರಬಹುದು, ಪರೀಕ್ಷಿಸಿ. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕೆ ತಯಾರಾದವಲ್ಲ. ಪೈಪುಗಳನ್ನು ಎಥನಾಲ್ ತಡೆಯುವ ಹೊಸ ಪೈಪಿಗೆ ಹೇಗೂ ಬದಲಾಯಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುವುದು ತಮಾಷೆಯ ವಿಷಯವಲ್ಲ.

ಓಡುವಾಗ ಚೆನ್ನಾಗಿದ್ದು ಐಡ್ಲಿಂಗ್‌ನಲ್ಲಿ ಮಾತ್ರ, ಅದೂ ತಣ್ಣಗಿದ್ದಾಗಲೂ ಬಂದ್ ಆಗುತ್ತಿದ್ದರೆ ಆಗ ಕಾರ್ಬ್ಯುರೇಟರಿನ ಸ್ಲೋ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಜೆಟ್) ಬಿಚ್ಚಿ ಊದಿಸಿ. ಅದಕ್ಕೂ ಕ್ಲೀನಿಂಗ್ ಸಾಕು, ಹೊಸದು ಬೇಡ. ಗಾಡಿಯ ಜೊತೆ ಬಂದ ಮೂಲ ಸೋಲೆಕ್ಸ್ ಕಾರ್ಬ್ಯುರೇಟರ್ ಇದ್ದರೆ ಅದನ್ನು ಯಾರಿಗೂ ಕೊಡಬೇಡಿ.

ಪದ್ಮಿನಿ ತಯಾರಾಗುತ್ತಿದ್ದ ಕುರ್ಲಾದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಆದರೆ ಆ ಟ್ಯಾಕ್ಸಿಗಳನ್ನು ರಿಪೇರಿ ಮಾಡುತ್ತಿದ್ದ ಕೈಗಳು ಇನ್ನೂ ಇವೆ. ಪುಣೆಯಲ್ಲೂ ನಾನಾ ಪೇಠ್ ಕಡೆ ವಯಸ್ಸಾದ ಮಿಸ್ತ್ರಿಗಳನ್ನು ವಿಚಾರಿಸಿ, ಬಿಡಿಭಾಗದ ಅಂಗಡಿಯವರೇ ದಾರಿ ತೋರಿಸುತ್ತಾರೆ. ಹೊಸ ಕಂಡೆನ್ಸರ್ ತಂದರೆ ಎರಡು ತನ್ನಿ. ಈಗ ಸಿಗುವವುಗಳಲ್ಲಿ ಕೆಲವು ಡಬ್ಬಿಯಿಂದ ತೆಗೆದಾಗಲೇ ಸತ್ತಿರುತ್ತವೆ. ಮುಂದಿನ ಸಲ ಗಾಡಿ ನಿಂತಾಗ ಕಿಡಿಯ ಬಣ್ಣ ಏನಿತ್ತು, ಪೆಟ್ರೋಲ್ ಚಿಮ್ಮಿತಾ ಇಲ್ಲವಾ, ಇವೆರಡನ್ನು ಇಲ್ಲಿ ಬರೆಯಿರಿ. ಮುಂದೇನು ಬಿಚ್ಚಬೇಕು ಎಂದು ಹೇಳುತ್ತೇನೆ.