ನಿಮ್ಮ ದೆವ್ವಕ್ಕೆ ಈ ಊರಿನ ಋಣವಿಲ್ಲ

ಪ್ರಿಯರೇ, ನಮಸ್ಕಾರ.

ನಮ್ಮ ಮಾಸಪತ್ರಿಕೆಯ ಚಿತ್ರಕಥೆ ವಿಶೇಷಾಂಕಕ್ಕೆಂದು ನೀವು ಕಳಿಸಿದ ಆರು ಕಂತುಗಳ ಕಿರುಧಾರಾವಾಹಿ ‘ಕಡೇ ದೋಣಿ’ಯನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆನೆಂಬುದು ನಿಮ್ಮ ಪರವಾಗಿ ಹೇಳಬಹುದಾದ ಮಾತು. ಮುಗಿಸಿದ ಮೇಲೆ ದೀಪ ಆರಿಸಿ ನೆಮ್ಮದಿಯಾಗಿ ಮಲಗಿದೆನೆಂಬುದು ನಿಮಗೆ ವಿರುದ್ಧವಾದ ಮಾತು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಕಾರಣಗಳನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಮೂರನೆಯ ಕಂತು ಅಷ್ಟು ಮರ್ಯಾದೆಗೆ ಅರ್ಹವಾಗಿದೆ.

ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಒಂದು ಊರು ಪ್ರವಾಹದಿಂದ ನಡುಗಡ್ಡೆಯಾಗುತ್ತದೆ. ಯಾರೂ ಕಂಡರಿಯದ ಸ್ವಾಮಿಯೊಬ್ಬರು ದೋಣಿಯಲ್ಲಿ ಬರುತ್ತಾರೆ. ನಡೆಯಲಾಗದ ಹುಡುಗಿ ಎದ್ದು ನಡೆಯುತ್ತಾಳೆ. ಅಲ್ಲಿಂದ ರಾತ್ರಿಗೊಬ್ಬರಂತೆ ಊರವರು ಸತ್ತು, ಮರುದಿನ ಬೇರೆಯೇ ಏನೋ ಆಗಿ ಮರಳುತ್ತಾರೆ. ಈ ಅಸ್ಥಿಪಂಜರ ಎಲ್ಲಿಯದೆಂದು ನಿಮಗೂ ಗೊತ್ತು, ನನಗೂ ಗೊತ್ತು. 2021ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ‘ಮಿಡ್‌ನೈಟ್ ಮಾಸ್’ ಎಂಬ ಏಳು ಕಂತುಗಳ ಸರಣಿಯನ್ನು ನೀವು ನೋಡಿದ್ದೀರಿ. ನೋಡಿದ್ದು ತಪ್ಪಲ್ಲ. ಆದರೆ ಅದರ ಪಾದ್ರಿಯನ್ನೂ ಪವಾಡವನ್ನೂ ಎತ್ತಿಕೊಂಡು ಬಂದ ನೀವು, ಅವೆರಡೂ ನಿಂತಿದ್ದ ನೆಲವನ್ನು ಅಲ್ಲಿಯೇ ಬಿಟ್ಟು ಬಂದಿದ್ದೀರಿ. ಆ ಸರಣಿ ನಡೆಯುವ ದ್ವೀಪದ ಜನ ಸುಮ್ಮನೆ ಒಂಟಿಯಾದವರಲ್ಲ. ಸಮುದ್ರಕ್ಕೆ ಎಣ್ಣೆ ಚೆಲ್ಲಿ ಮೀನುಗಾರಿಕೆ ಕೆಟ್ಟು, ಕಂಪನಿ ಕೊಟ್ಟ ಪರಿಹಾರಕ್ಕೆ ಒಪ್ಪಿ, ಅನೇಕರು ಊರು ಬಿಟ್ಟ ಮೇಲೆ ಉಳಿದುಕೊಂಡವರು. ಪಿಶಾಚಿಯ ರಕ್ತ ಅವರ ಮೈ ಸೇರುವುದು ಅವರು ತಲೆಬಾಗಿ ಸ್ವೀಕರಿಸುವ ಪೂಜೆಯ ದ್ರಾಕ್ಷಾರಸದ ಮೂಲಕ. ಅಂದರೆ ಭಯ ಹೊರಗಿನಿಂದ ಬಂದರೂ ಅದಕ್ಕೆ ಬಾಗಿಲು ತೆರೆದದ್ದು ಅವರದೇ ನಷ್ಟ ಮತ್ತು ಅವರದೇ ಭಕ್ತಿ. ನಿಮ್ಮ ಊರಿನಲ್ಲಿ ಸ್ವಾಮಿ ಕೊಡುವ ವಿಭೂತಿಗೆ ಇಂಥ ಯಾವ ಹಿನ್ನೆಲೆಯೂ ಇಲ್ಲ. ಅವರು ಅದನ್ನು ಕೊಡುತ್ತಾರೆ, ಜನ ಹಚ್ಚಿಕೊಳ್ಳುತ್ತಾರೆ, ಕಣ್ಣು ಬೆಳ್ಳಗಾಗುತ್ತದೆ. ಈ ದೆವ್ವ ಮಲೆನಾಡಿನ ಯಾವುದೋ ಊರಿನಲ್ಲಿ ಇಳಿದಿದ್ದರೂ ಇದೇ ಕೆಲಸ ಮಾಡುತ್ತಿತ್ತು.

ನಿಮ್ಮ ಊರಿಗೆ ನಷ್ಟವೇ ಇಲ್ಲವೆ? ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲ ವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಹಿನ್ನೀರಿನ ಅಂಚಿನ ಊರುಗಳು ಮುಳುಗಲೂ ಇಲ್ಲ, ಉಳಿದೆವೆಂದು ಉಸಿರು ಬಿಡಲೂ ಇಲ್ಲ. ಬಿರುಕು ಬಿಟ್ಟ ಗೋಡೆಗೆ ಗಾರೆ ಮೆತ್ತಬೇಕೋ ಬೇಡವೋ, ಮಗನ ಮದುವೆಗೆ ಮುಂಚೆ ಒಂದು ಖೋಲಿ ಕಟ್ಟಿಸಬೇಕೋ ಬೇಡವೋ ಎಂದು ವರ್ಷಗಟ್ಟಲೆ ಕುಳಿತ ಮನೆಯನ್ನು ಯೋಚಿಸಿ ನೋಡಿ. ನೀರು ಸುತ್ತುವರಿಯುವುದಕ್ಕೆ ಮುಂಚೆಯೇ ಆ ಊರು ಒಂಟಿಯಾಗಿದೆ. ಇನ್ನು ನಮ್ಮ ಭಾಷೆಯೇ ನಿಮಗೆ ಒದಗಿಸಿಕೊಟ್ಟ ಒಂದು ಮಾತನ್ನು ನೀವು ನೂರು ಪುಟಗಳಲ್ಲಿ ಒಮ್ಮೆಯೂ ಗಮನಿಸಿಲ್ಲ: ಹೊಲ ಹೋದವನಿಗೆ ಸರಕಾರ ಕೊಡುವುದಕ್ಕೂ ಪೀಡೆ ಹಿಡಿದವನಿಗೆ ಸ್ವಾಮಿ ಹೇಳುವುದಕ್ಕೂ ನಮ್ಮಲ್ಲಿ ಒಂದೇ ಹೆಸರು, ಪರಿಹಾರ. ಕಚೇರಿಯಿಂದ ಕಚೇರಿಗೆ ಅಲೆದು ಮೊದಲನೆಯದು ಸಿಗದವನು ಎರಡನೆಯದಕ್ಕೆ ಕೈಯೊಡ್ಡಿದರೆ, ನಿಮ್ಮ ಸ್ವಾಮಿಗೆ ಪವಾಡ ತೋರಿಸುವ ಅಗತ್ಯವೂ ಬೀಳಲಿಕ್ಕಿಲ್ಲ.

ಪ್ರವಾಹದ ಬಗ್ಗೆ. ನೀವು ಮೊದಲ ಕಂತಿನಲ್ಲಿ ಗುಡುಗು, ಸಿಡಿಲು, ಮೂರು ದಿನದ ಜಡಿಮಳೆ ತಂದಿದ್ದೀರಿ. ಕೃಷ್ಣೆಯ ದಂಡೆಯಲ್ಲಿ ನೆರೆ ಹೀಗೆ ಬರಬೇಕೆಂದೇನೂ ಇಲ್ಲ. ಮಳೆ ಬೀಳುವುದು ಮೇಲೆ ಮಹಾರಾಷ್ಟ್ರದಲ್ಲಿ, ಮಹಾಬಳೇಶ್ವರದ ಕಡೆ, ಕೊಯ್ನಾದ ಕಡೆ. ಇಲ್ಲಿ ಬಿಸಿಲು ಬಿದ್ದಿರುತ್ತದೆ, ಅಂಗಳದಲ್ಲಿ ಮೆಣಸಿನಕಾಯಿ ಒಣಗಲು ಹಾಕಿರುತ್ತಾರೆ, ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂಬ ಸುದ್ದಿ ಮೊಬೈಲಿಗೆ ಬರುತ್ತದೆ, ಸಂಜೆಯ ಹೊತ್ತಿಗೆ ಕಬ್ಬಿನ ಬುಡದಲ್ಲಿ ನೀರು ಸದ್ದಿಲ್ಲದೆ ನಿಂತಿರುತ್ತದೆ. ಶುಭ್ರವಾದ ಆಕಾಶದ ಕೆಳಗೆ ಏರುವ ನೀರಿಗಿಂತ ಹೆಚ್ಚು ಅಂಜಿಸುವ ಆರಂಭ ನಿಮಗೆ ಬೇಕಿತ್ತೆ? 2019ರ ಆಗಸ್ಟಿನ ನೆರೆಯನ್ನು ಕಂಡವರನ್ನು ಕೂರಿಸಿಕೊಂಡು ಕೇಳಿ. ಹಾಗೆಯೇ, ಅಂಥ ಹೊತ್ತಿನಲ್ಲಿ ತಹಶೀಲ್ದಾರರು, ರಕ್ಷಣಾ ಪಡೆಯ ದೋಣಿ, ಕಾಳಜಿ ಕೇಂದ್ರ ಎಲ್ಲವೂ ಇರುತ್ತವೆ. ನಿಮ್ಮ ಊರಿಗೆ ಹನ್ನೊಂದು ದಿನ ಯಾರೂ ಬರುವುದಿಲ್ಲವೆಂದರೆ ಓದುಗ ನಂಬುವುದಿಲ್ಲ. ದೋಣಿ ಬರಲಿ, ಊರವರೇ ಹತ್ತಲು ಒಪ್ಪದಿರಲಿ. ಏಕೆ ಒಪ್ಪಲಿಲ್ಲವೆಂಬುದೇ ನಿಮ್ಮ ಎರಡನೆಯ ಕಂತು.

ಕಾಡಿನ ದೃಶ್ಯಗಳನ್ನು ತೆಗೆದುಹಾಕಿ, ಅಲ್ಲಿ ಕಾಡಿಲ್ಲ. ಆಳೆತ್ತರಕ್ಕೂ ಮೀರಿದ ಕಬ್ಬಿದೆ, ಮತ್ತು ಪಂಪಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಒಬ್ಬನೇ ಬ್ಯಾಟರಿ ಹಿಡಿದು ಮೋಟಾರು ಚಾಲೂ ಮಾಡಲು ಅದರೊಳಗೆ ಹೋಗುವ ರೈತನಿದ್ದಾನೆ. ಬಿಳಿ ಸೀರೆಯ ಹೆಂಗಸನ್ನು ನಾನು ಚರ್ಚಿಸಲು ಹೋಗುವುದಿಲ್ಲ. ನೀರಿನಿಂದ ಗುಡಿ ಮೇಲೇಳುವ ದೃಶ್ಯಕ್ಕೆ ಮಾತ್ರ ಒಂದು ಎಚ್ಚರಿಕೆ: ಹಿಡಕಲ್ ಜಲಾಶಯದ ನೀರು ಇಳಿದು ಹುನ್ನೂರಿನ ವಿಠ್ಠಲನ ಗುಡಿ ಕಾಣಿಸಿಕೊಂಡಾಗ ನಮ್ಮ ಜನ ಹೆದರುವುದಿಲ್ಲ, ಮಕ್ಕಳುಮರಿ ಕಟ್ಟಿಕೊಂಡು ದರ್ಶನಕ್ಕೆ ಹೋಗುತ್ತಾರೆ. ನಮ್ಮವರಿಗೆ ಯಾವುದು ಸಹಜ, ಯಾವುದು ಅಸಹಜವೆಂದು ತಿಳಿಯದೆ ಭಯ ಬರೆಯಲಾಗದು.

ಸಂಭಾಷಣೆಯಲ್ಲಿ ಎಪ್ಪತ್ತು ವರ್ಷದ ಮುದುಕಿ ಮೊಮ್ಮಗನಿಗೆ “ಅಲ್ಲಿಗೆಲ್ಲ ಹೋಗ್ಬೇಡ ಕಣೋ” ಎನ್ನುತ್ತಾಳೆ. ಜಮಖಂಡಿಯ ಆಯಿ “ಅಲ್ಲಿ ಹೋಗಬ್ಯಾಡೋ ಯಪ್ಪಾ” ಎಂದಾಳು. ನೀವು ಹುಟ್ಟಿದ್ದು ಇದೇ ಸೀಮೆಯಲ್ಲೆಂದು ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ಈ ಮುದುಕಿ ಬೆಂಗಳೂರಿನ ಮಾತು ಕಲಿತದ್ದು ಟಿ.ವಿ. ಧಾರಾವಾಹಿಗಳಿಂದಲೇ ಇರಬೇಕು.

ಈಗ ಮೂರನೆಯ ಕಂತು. ಪುನರ್ವಸತಿ ಕೇಂದ್ರಕ್ಕೆ ಸ್ಥಳಾಂತರಗೊಂಡ ಅದೇ ಮುದುಕಿ ಎಳ್ಳಮವಾಸ್ಯೆಯ ದಿನ ಸಜ್ಜಿ ಕಡಬು, ಭರ್ತ, ಪುಂಡಿಪಲ್ಲೆ ಬುಟ್ಟಿಯಲ್ಲಿಟ್ಟುಕೊಂಡು ಹಿನ್ನೀರಿನ ಅಂಚಿಗೆ ಬರುತ್ತಾಳೆ. ಚರಗ, ಅಂದರೆ ಭೂಮಿಗೆ ಅರ್ಪಿಸುವ ನೈವೇದ್ಯದ ತುತ್ತು, ಚೆಲ್ಲಬೇಕಾದ ಹೊಲ ನೀರಿನ ಕೆಳಗಿದೆ. ಅವಳು ದಂಡೆಯಲ್ಲಿ ನಿಂತು ನಾಲ್ಕೂ ದಿಕ್ಕಿಗೆ ಎಸೆಯುವ ಬದಲು ನೀರಿನತ್ತ ಒಂದೇ ದಿಕ್ಕಿಗೆ ಎಸೆಯುತ್ತಾಳೆ, ತುತ್ತು ಮುಳುಗುತ್ತದೆ, ಆಮೇಲೆ ಅದೇ ಜಾಗದಲ್ಲಿ ನೀರು ಒಮ್ಮೆ ಅಲುಗುತ್ತದೆ. ನೀವು ಇದನ್ನು ಮುಕ್ಕಾಲು ಪುಟದಲ್ಲಿ ಮುಗಿಸಿ ಮತ್ತೆ ಸ್ವಾಮಿಯ ಹತ್ತಿರ ಓಡಿಹೋಗಿದ್ದೀರಿ. ಭೂಮಿತಾಯಿಗೆ ಸೀಮಂತದ ಊಟ ಬಡಿಸುವ ಹಬ್ಬವಿದು, ಹೊಲದ ಭೂತಗಳ ಪಾಲನ್ನೂ ಮರೆಯದೆ ಕೊಡುವ ಹಬ್ಬ. ಹಾಗಿದ್ದ ಮೇಲೆ ಇಷ್ಟು ವರ್ಷ ಆ ಪಾಲು ಕಾಣದ ನೆಲ ಈಗ ಯಾರನ್ನು ಕೇಳಬೇಕು? ಈ ಊರಿನ ಋಣವಿರುವ ದೆವ್ವ ಇಲ್ಲಿದೆ, ಮತ್ತು ಅದನ್ನು ಕಂಡವರು ನೀವೇ.

ಆರು ಕಂತುಗಳನ್ನೂ ತಿದ್ದಲು ಕೂರಬೇಡಿ. ಬೆಂಗಳೂರಿನಿಂದ ಮರಳಿದ ಸಾಫ್ಟ್‌ವೇರ್ ಎಂಜಿನಿಯರನ್ನು ಕೈಬಿಟ್ಟು, ಮುದುಕಿಯನ್ನು ನಡುವೆ ಇಟ್ಟುಕೊಂಡು, ಮೊದಲ ಕಂತೊಂದನ್ನೇ ನಲವತ್ತು ಪುಟ ಮೀರದಂತೆ ಹೊಸದಾಗಿ ಬರೆದು ಕಳಿಸಿ. ಸ್ವಾಮಿ ಬರಬೇಕೋ ಬೇಡವೋ ಎಂಬುದನ್ನು ಅದನ್ನು ಬರೆದಾದ ಮೇಲೆ ನಿರ್ಧರಿಸಿದರಾಯಿತು. ವಿಶೇಷಾಂಕಕ್ಕೆ ಅದು ಸಿಗದಿದ್ದರೂ ಅಡ್ಡಿಯಿಲ್ಲ, ನಂತರದ ಸಂಚಿಕೆಗೆ ನೋಡೋಣ. ಹಸ್ತಪ್ರತಿಯನ್ನು ಅಂಚೆಯಲ್ಲಿ ಮರಳಿಸಿದ್ದೇನೆ. ಮೂರನೆಯ ಕಂತಿನ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳಿವೆ, ಅಳಿಸಬೇಡಿ.

ಇಂತಿ,
ಸಂಪಾದಕ
ಬಾಗಲಕೋಟೆ